ಹಸಿ ಹಲಗೆ

ಬಿರುಕಿನೊಳಗೆ ಟೀಚರಮ್ಮನ ಉಗುರು ಸಲೀಸಾಗಿ ಇಳಿಯಿತು. ಊಟದ ಮೇಜು ಅವರ ಮನೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ಆಗಲೇ ಗಾಡಿಯೇರಿ ಬಡಗಿಯ ಅಂಗಡಿಗೆ ವಾಪಸು ಬಂದಿತ್ತು.

“ಅಕೇಶಿಯಾ ಕಲ್ಲಿದ್ದ ಹಾಗೆ, ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಲ್ಲ ಅಂದಿದ್ರಿ. ಮೊಮ್ಮಕ್ಕಳಿರ್ಲಿ, ನನ್ನ ಮಗಳಿಗೇ ಇನ್ನೂ ಮದುವೆ ಆಗಿಲ್ಲ!”

ಬಡಗಿ ಹೇಳಿದ್ದು ಸುಳ್ಳೇನಲ್ಲ. ಉಳಿಯ ಬಾಯನ್ನೇ ಮೊಂಡು ಮಾಡುವಷ್ಟು ಗಟ್ಟಿ ಮರ ಅದು. ಬಾಗಿಲ ಚೌಕಟ್ಟು, ಕೊಡಲಿಯ ಕಾವು, ಮೇಜು, ಕುರ್ಚಿ ಎಲ್ಲಕ್ಕೂ ಒದಗುತ್ತದೆ. ಉಜ್ಜಿದಷ್ಟೂ ಜೇನಿನ ಬಣ್ಣಕ್ಕೆ ಹೊಳೆಯುತ್ತದೆ. ಆದರೆ ಹೊಟ್ಟೆಯೊಳಗೆ ನೀರು ಬಚ್ಚಿಟ್ಟುಕೊಳ್ಳುವ ಮರ. ಹಲಗೆಗಳ ನಡುವೆ ಗಾಳಿಯಾಡಲು ಬಿಟ್ಟು, ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸಬೇಕು. ಗಿರಾಕಿ ಕೈತಪ್ಪೀತೆಂದು ಅವನು ಹಸಿ ಹಲಗೆಯನ್ನೇ ಜೋಡಿಸಿದ್ದ. ಮುಟ್ಟಿದಾಗ ಅಂಗೈಗೆ ತಣ್ಣಗೆ ತಾಗಿತ್ತು, ಹಸಿಯೆಂದು ಆಗಲೇ ಗೊತ್ತಾಗಿತ್ತು.

“ನಮ್ಮವಳು ಪಾಲಿಷ್ ಹಾಕಿ ಬಿಸಿಲಿಗೆ ಇಟ್ಬಿಟ್ಲು, ಟೀಚರ್. ಎಷ್ಟು ಹೇಳಿದ್ರೂ ಕೇಳಲ್ಲ,” ಎಂದುಬಿಟ್ಟ.

ಮೂಲೆಯಲ್ಲಿ ಕುರ್ಚಿಯ ಕಾಲಿಗೆ ಪಾಲಿಷ್ ಬಟ್ಟೆ ಎಳೆಯುತ್ತಿದ್ದ ಹೆಂಡತಿಯ ಕೈ ನಿಂತಿತು. ಇನ್ನೇನು ಬಾಯಿ ಬಿಡುತ್ತಾಳೆ, ತನ್ನ ಮಾನ ಹರಾಜಾಗುತ್ತದೆ ಎಂದು ಅವನು ಉಸಿರು ಬಿಗಿಹಿಡಿದ.

“ತಪ್ಪಾಯ್ತು, ಟೀಚರ್,” ಎಂದಳು ಅವಳು.

“ಇಷ್ಟು ವರ್ಷದಿಂದ ಮಾಡ್ತೀಯ, ಸ್ವಲ್ಪ ಗಮನ ಬೇಡ್ವೇನಮ್ಮ?” ಎಂದ ಟೀಚರಮ್ಮ ಅವನತ್ತ ತಿರುಗಿದರು. “ನೀವು ಬೇರೆ ಹಲಗೆ ಹಾಕ್ಕೊಡಿ. ಪಾಲಿಷ್ ಮಾತ್ರ ಇವಳ ಕೈಗೆ ಕೊಡ್ಬೇಡಿ.”

“ಆಗ್ಲಿ,” ಎಂದು ಅವನು ತಲೆಯಾಡಿಸಿದ. ಅದೂ ಅವಳ ಎದುರಿಗೇ.

ಮಧ್ಯಾಹ್ನ ಅವನು ಅರ್ಧ ಊಟಕ್ಕೇ ತಟ್ಟೆ ಸರಿಸಿದ. “ಯಾಕ್ರೀ, ಉಪ್ಪು ಜಾಸ್ತಿ ಆಯ್ತಾ?” ಎಂದು ಕೇಳಿದಳು, ಅಷ್ಟೇ. ನಾಲ್ಕು ಮಾತು ಬೈದಿದ್ದರೆ ಅವನು ಬಚಾವಾಗುತ್ತಿದ್ದ.

ಸಂಜೆ ಟೀಚರಮ್ಮನ ಮನೆಯ ಗೇಟಿನ ಹೊರಗೇ ನಿಂತು ಹೇಳಿದ: “ಮರ ಹಸಿ ಇತ್ತು, ಟೀಚರ್. ತಪ್ಪು ನಂದೇ. ಅವಳು ಬಿಸಿಲಿಗೆ ಇಟ್ಟೇ ಇಲ್ಲ.”

“ಅಯ್ಯೋ, ಅವರಿಗೆ ನಾನು ಏನೇನೋ ಅಂದ್ಬಿಟ್ನಲ್ರೀ!” ಟೀಚರಮ್ಮ ಕನ್ನಡಕ ತೆಗೆದು ಅವನನ್ನು ನೋಡಿದರು. “ಇದನ್ನ ಅವರ ಎದುರಿಗೆ ಹೇಳ್ಬೇಕಿತ್ತು ನೀವು.”

ಕಿವಿ ಬಿಸಿಯಾಗಿ, ದಾರಿಯುದ್ದಕ್ಕೂ ನೆಲ ನೋಡುತ್ತಲೇ ಹಿಂತಿರುಗಿದ. ಅವಳು ಅಂಗಡಿ ಗುಡಿಸುತ್ತಿದ್ದಳು.

“ಟೀಚರ್ ಮನೆಗೆ ಹೋಗಿದ್ದೆ. ಇದ್ದದ್ದು ಇದ್ದ ಹಾಗೆ ಹೇಳಿ ಬಂದೆ. ನಿನ್ನ ಮೇಲೆ ಹಾಕ್ಬಾರ್ದಿತ್ತು ಕಣೆ.”

“ಹೂಂ,” ಎಂದು ಪೊರಕೆ ಒರಗಿಸಿಟ್ಟಳು. “ಮೋಡ ಆಗಿದೆ. ಹೊರಗಿರೋ ಬೀರು ಒಳಗೆ ಹಾಕೋಣ, ಹಿಡ್ಕೊಳ್ಳಿ.”

ಇಬ್ಬರೂ ಎತ್ತಿದರು. ಅವಳು ಹಿಮ್ಮುಖವಾಗಿ ಹೆಜ್ಜೆ ಹಾಕಿದಳು.

“ಹೊಸ್ತಿಲು ಬಂತು, ಕಾಲೆತ್ತು,” ಎಂದ ಅವನು.

ಅವಳು ನಿಂತಳು. ಭಾರ ಹೊತ್ತುಕೊಂಡೇ ಕತ್ತು ಹೊರಳಿಸಿ, ಹೊಸ್ತಿಲನ್ನು ತಾನೇ ನೋಡಿಕೊಂಡು, ಆಮೇಲೆ ಕಾಲೆತ್ತಿದಳು.