ಐದನೇ ಕಂಬದಿಂದ ಗೇಟಿಗೆ

ಮೂಗಿನ ತುದಿಯಲ್ಲೇ ಕೋಪ ಇರುವ ನನಗೆ ಸಿಕ್ಕಿದ್ದು ಟೀಚರ್ ಕೆಲಸ, ಅದರಲ್ಲೂ ಕಲಿಕೆಯಲ್ಲಿ ತೊಡಕಿರುವ ಐದು ಮಕ್ಕಳಿಗೆ ಗಣಿತ ಹೇಳಿಕೊಡುವುದು. ನಮ್ಮ ಕೋಣೆ ಕಾರಿಡಾರಿನ ಕೊನೆಯಲ್ಲಿದೆ. ಮೊದಲು ಅಲ್ಲಿ ಆಟದ ಸಾಮಾನು ಇಡುತ್ತಿದ್ದರು, ಈಗಲೂ ರಬ್ಬರ್ ಚೆಂಡಿನ ವಾಸನೆ ಹೋಗಿಲ್ಲ.

ಐವರಲ್ಲಿ ನನ್ನ ತಲೆಯನ್ನು ಹೆಚ್ಚು ತಿಂದವಳು ಒಂಬತ್ತು ವರ್ಷದ ಯಾಕಮ್ಮ. ಅದು ನಾನಿಟ್ಟ ಹೆಸರು. ಬರೀ ಅಂಕಿ ಕೊಟ್ಟರೆ ಕೂಡುತ್ತಾಳೆ, ಕಳೆಯುತ್ತಾಳೆ. ಅದೇ ಲೆಕ್ಕವನ್ನು ನಾಲ್ಕು ವಾಕ್ಯದಲ್ಲಿ ಸುತ್ತಿ ಕೊಟ್ಟರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾಳೆ.

“ಒಬ್ಬರ ಹತ್ರ ನಲವತ್ತು ಕಿತ್ತಳೆ ಇತ್ತು. ಹದಿನೆಂಟು ಕೊಳೆತು ಹೋಯ್ತು. ಉಳಿದಿದ್ದೆಷ್ಟು?”

“ಅಷ್ಟೊಂದು ಯಾಕೆ ಕೊಳೀತು ಮಿಸ್? ಅವರ ಮನೆಗೆ ಯಾರೂ ಬರಲ್ವಾ?”

“ಅವರ ಮನೆ ಉಸಾಬರಿ ನಿನಗ್ಯಾಕೆ ತಾಯಿ? ಲೆಕ್ಕ ಮಾಡು.”

“ಪಾಪ ಅಲ್ವಾ ಮಿಸ್?”

ಕೊನೆಗೆ ನಾನು ಪೆನ್ಸಿಲ್ ಉಪಾಯ ಹೂಡಿದೆ. ಅಂಕಿ ಮತ್ತು ಪ್ರಶ್ನೆ ಬಿಟ್ಟು ಉಳಿದ ಮಾತಿನ ಮೇಲೆಲ್ಲ ಗೀಟು ಎಳೆಯಬೇಕು. ಕಿತ್ತಳೆಗೆ ಗೀಟು, ಕಿತ್ತಳೆ ಇಟ್ಟವರಿಗೂ ಗೀಟು. ಮೂರು ತಿಂಗಳು ಹಿಡಿಯಿತು, ಆದರೂ ಯಾಕಮ್ಮ ಕಲಿತಳು. ಆಮೇಲೆ ಎಲ್ಲರಿಗೂ ಹೇಳಿದೆ, ಇನ್ನು ಮೇಲೆ ಲೆಕ್ಕ ನೀವೇ ಕಟ್ಟಿ ತನ್ನಿ, ದಿನಾ ಕಣ್ಣಾರೆ ಕಂಡದ್ದರಿಂದ.

ಗುರುವಾರ ಅವಳು ತಂದ ಪುಸ್ತಕದಲ್ಲಿ ಪೆನ್ನಿನ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಬಿಡಿಸಿ ಬಿಡಿಸಿ ಓದಿದೆ.

“ಅಜ್ಜಿಗೆ ಮಂಡಿ ನೋವು, ಲೇಟಾಗಿ ಬರ್ತಾರೆ. ನಾನು ಗೇಟ್ ಹತ್ರ ಕಾಯ್ತೀನಿ. ಬೂದು ಕಾರು ಸೋಮವಾರ ಐದನೇ ದೀಪದ ಕಂಬದ ಹತ್ರ ನಿಂತಿತ್ತು. ಮಂಗಳವಾರ ನಾಲ್ಕನೇ ಕಂಬ. ಬುಧವಾರ ಮೂರನೇ ಕಂಬ. ಒಳಗಿರೋ ಮಾಮ ನನ್ನನ್ನೇ ನೋಡ್ತಾರೆ. ಕಾರು ಗೇಟಿಗೆ ಯಾವತ್ತು ಬರುತ್ತೆ?”

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದೊಂದೇ ಇಳಿಯುವ ಸಂಖ್ಯೆಯ ಸಾಲನ್ನು ನಾನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ಪೆನ್ಸಿಲ್ ಕೈಗೆ ಕೊಟ್ಟೆ.

“ಅಜ್ಜಿ ಮಂಡಿ ಬೇಕಾ?”

“ಬೇಡ ಮಿಸ್.” ಗೀಟು.

“ಕಾರಿನ ಬಣ್ಣ?”

“ಬೇಡ.” ಗೀಟು.

“ಮಾಮ?”

ಪೆನ್ಸಿಲ್ ಅಲ್ಲೇ ನಿಂತಿತು. “ಮಾಮನೂ ಬೇಡ್ವಾ ಮಿಸ್?”

“ಆ ವಾಕ್ಯದಲ್ಲಿ ಅಂಕಿ ಇದ್ಯಾ?”

“ಇಲ್ಲ.”

“ಮತ್ತೆ? ಎಳಿ ಗೀಟು.”

ಎಳೆದಳು. ಉಳಿದದ್ದು ಐದು, ನಾಲ್ಕು, ಮೂರು. ಗುರುವಾರ ಎರಡು, ಶುಕ್ರವಾರ ಒಂದು ಎಂದು ಬೆರಳು ಮಡಚುತ್ತಾ ಹೋಗಿ “ಶನಿವಾರ” ಅಂದಳು. ಕೆಂಪು ಪೆನ್ನಿನಲ್ಲಿ ಪುಟದಗಲ ರೈಟ್ ಹಾಕಿ, ಉಳಿದ ನಾಲ್ವರಿಂದ ಚಪ್ಪಾಳೆ ತಟ್ಟಿಸಿದೆ. ಯಾಕಮ್ಮ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಹೊಗಳಿಕೆಗೆ ನಾಚಿಕೊಂಡಿದ್ದಾಳೆ ಅಂದುಕೊಂಡೆ.

ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲೇ ತಡೆದು ಹೇಳಿದಳು, “ನಿನ್ನೆ ಎರಡನೇ ಕಂಬದ ಹತ್ರ ಬಂದಿತ್ತು ಮಿಸ್.”

ನಾನು ಬೀರುವಿನ ಬೀಗದ ಜೊತೆ ಗುದ್ದಾಡುತ್ತಿದ್ದೆ. “ನೋಡಿದ್ಯಾ? ನಿನ್ನ ಲೆಕ್ಕ ತಪ್ಪಲ್ಲ,” ಅಂದೆ.

ಶನಿವಾರ ಅರ್ಧ ದಿನ. ಗಂಟೆ ಹೊಡೆಯಿತು, ಮಕ್ಕಳು ಹೊರಟರು. ಯಾಕಮ್ಮನ ಪುಸ್ತಕ ನಾನೇ ಉಳಿಸಿಕೊಂಡೆ. ಈ ಮಕ್ಕಳಿಂದ ಏನಾಗುತ್ತೆ ಎಂದು ಮೂಗು ಮುರಿಯುವ ಹೆಡ್‌ಮಿಸ್ಸಿಗೆ ಆ ಲೆಕ್ಕ ತೋರಿಸಬೇಕಿತ್ತು. ಗೀಟು ತುಂಬಿದ ಪುಟ ಚೆನ್ನಾಗಿ ಕಾಣುವುದಿಲ್ಲವೆಂದು ರಬ್ಬರಿನಿಂದ ಗೀಟುಗಳನ್ನು ಒರೆಸತೊಡಗಿದೆ. ಅಜ್ಜಿಯ ಮಂಡಿ ಬಂತು. ಬೂದು ಕಾರು ಬಂತು. ‘ಒಳಗಿರೋ ಮಾಮ ನನ್ನನ್ನೇ ನೋಡ್ತಾರೆ.’

ಮೂರು ದಿನದಲ್ಲಿ ಆ ವಾಕ್ಯವನ್ನು ವಾಕ್ಯವಾಗಿ ಓದಿದ್ದು ಅದೇ ಮೊದಲು.

ಆಗಷ್ಟೇ ಒರೆಸಿದ್ದ ಕಾರಿಡಾರಿನಲ್ಲಿ ಜಾರಿ, ಗೋಡೆ ಹಿಡಿದು, ಮತ್ತೆ ಓಡಿದೆ. ಗೇಟಿನಲ್ಲಿ ವಾಚ್‌ಮನ್ ರಸ್ತೆಗೆ ಬೆನ್ನು ಹಾಕಿ, ಕೈ ಬೀಸುತ್ತಾ ಶಾಲೆಯ ವ್ಯಾನನ್ನು ಹಿಂದಕ್ಕೆ ತೆಗೆಸುತ್ತಿದ್ದ. ಅವನ ಆಚೆ ಬೂದು ಕಾರು. ಅದರ ಹಿಂಬಾಗಿಲು ತೆರೆದಿತ್ತು. ಯಾಕಮ್ಮನ ಚೀಲ ಆಗಲೇ ಸೀಟಿನ ಮೇಲಿತ್ತು, ಅವಳ ಒಂದು ಕಾಲು ಒಳಗಿತ್ತು.

ಏನೆಂದು ಕಿರುಚಿದೆನೋ ಗೊತ್ತಿಲ್ಲ. ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ರಸ್ತೆಗೆ ಬಿದ್ದೆವು. ಕಾರಿನವನು ಗಾಬರಿಯಾಗಲಿಲ್ಲ. ಕೈ ಚಾಚಿ ಬಾಗಿಲು ಎಳೆದುಕೊಂಡು, ಅಂಗಡಿಯಿಂದ ಮನೆಗೆ ಹೊರಟವನ ಹಾಗೆ ನಿಧಾನವಾಗಿ ಹೋದ. ಮನೆಯ ವಿಳಾಸ ಬರೆದಿದ್ದ ಅವಳ ಚೀಲವೂ ಅವನೊಂದಿಗೆ ಹೋಯಿತು.

ಭಯಕ್ಕೆ ನನಗೆ ಬರುವುದು ಸಿಟ್ಟೇ. ಅವಳ ಭುಜ ಹಿಡಿದು ಅಲ್ಲಾಡಿಸಿದೆ. “ಗೊತ್ತಿಲ್ಲದವರ ಕಾರು ಹತ್ತಬಾರ್ದು ಅಂತ ನಿನಗೆ ಗೊತ್ತಿಲ್ವೇನೇ?”

“ಗೊತ್ತು ಮಿಸ್,” ಅಂದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು. “ಅದಕ್ಕೇ ಬರ್ಕೊಂಡು ಬಂದು ನಿಮಗೆ ತೋರಿಸಿದ್ದು. ನೀವು ರೈಟ್ ಹಾಕಿದ್ರಿ.”