ಗಂಗರತ್ನಮ್ಮನ ತಾರಕ ಮತ್ತು ಸೊಪ್ಪಿನ ಬುಟ್ಟಿ

ಕ್ಯಾಸಂಬಳ್ಳಿ ಪಕ್ಕದ ಆ ಊರಿನ ಭಜನೆ ಮೇಳದಲ್ಲಿ ತಾರಕದ ಸಾಲು ಎಂದರೆ ಗಂಗರತ್ನಮ್ಮ. ಇಪ್ಪತ್ತೆರಡು ವರ್ಷದಿಂದ ಅದು ಅವಳ ಆಸ್ತಿ. ಪದದ ಕೊನೆಯಲ್ಲಿ ಉಳಿದವರೆಲ್ಲ ಕೆಳಗೇ ನಿಂತಾಗ ಒಬ್ಬಳೇ ಮೇಲೇರಿ "ಬಾರಯ್ಯಾ" ಎಂದು ದೇವರನ್ನು ಕರೆಯುವ ಕೆಲಸ ಅವಳದು. ಈ ಯುಗಾದಿ ಕಳೆದದ್ದೇ ತಡ, ಏನಾಯಿತೋ, "ಬಾರ" ತನಕ ನೆಟ್ಟಗೆ ಹೋಗುವ ಗಂಟಲು "ಯ್ಯಾ" ಎನ್ನುವಷ್ಟರಲ್ಲಿ ಕೈಕೊಡತೊಡಗಿತು. ದೇವರು ಬರುವುದಿರಲಿ, ಗುಡಿ ಮುಂದೆ ಮಲಗಿದ್ದ ನಾಯಿಯೂ ಎದ್ದು ಹೋಗುತ್ತಿತ್ತು.

ಹಾರ್ಮೋನಿಯಂ ಜಯರಾಮಪ್ಪ ಮುಲಾಜಿಲ್ಲದ ಮನುಷ್ಯ. "ಗಂಗಕ್ಕ, ಬೇಜಾರ್ ಮಾಡ್ಕಾಬೇಡ. ಭಾನುವಾರ ಬಂಗಾರಪೇಟೆ ಸ್ಪರ್ಧೇಲಿ ನೀನೇ ಆಡು. ಅಲ್ಲೂ ಒಡದೋಯ್ತು ಅಂದ್ರೆ ಆ ಸಾಲು ಲಿಖಿತಂಗೆ" ಎಂದುಬಿಟ್ಟ.

ಲಿಖಿತ ಅದೇ ಮೇಳದಲ್ಲಿ ಹಾಡುವ, ಡಿಗ್ರಿ ಓದುವ ಹುಡುಗಿ, ತುಂಬ ಒಳ್ಳೆಯವಳು. ಗಂಗರತ್ನಮ್ಮನ ಹೊಟ್ಟೆ ಉರಿದದ್ದು ಅದಕ್ಕೇ. ಕೆಟ್ಟವಳಾಗಿದ್ದರೆ ಒಂದಿಷ್ಟು ಬೈದು ಹಗುರವಾಗಬಹುದಿತ್ತು.

ಮೆಣಸು ಅಗಿದಳು, ಶುಂಠಿ ಕುಡಿದಳು, ಅತಿಮಧುರದ ಬೇರು ದವಡೆಯಲ್ಲಿಟ್ಟುಕೊಂಡೇ ಮಲಗಿದಳು. ಬೆಳಗ್ಗೆ ಕೊಟ್ಟಿಗೆ ಮುಂದೆ ನಿಂತು ಗದ್ದ ಎತ್ತಿ, ಹೆಗಲು ಏರಿಸಿ, ಕತ್ತಿನ ನರ ಉಬ್ಬುವ ಹಾಗೆ ಎಳೆದಳು. ಹಾಲು ಕರೆಯುತ್ತಿದ್ದ ಗಂಡ ಮುನಿಸ್ವಾಮಪ್ಪ, "ಅಸ ಬೆದರ್ತೈತೆ ಕಣೇ, ಅತ್ಲಾಗೋಗಿ ಆಡು" ಎಂದ. ಅವಳಿಗೆ ಅಳುವೇ ಬಂತು.

ಶುಕ್ರವಾರ ಎಂದಿನಂತೆ ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಕೆಜಿಎಫ್‌ನ ಗಣಿಯವರ ಸಾಲುಮನೆಗಳಿಗೆ ಬಂದಳು. ಅಲ್ಲಿ ತಮಿಳಿನ ಗಿರಾಕಿಗಳೇ ಹೆಚ್ಚು. ಸೊಪ್ಪು ಎಂದು ಸಾರುವ ಅವಳ ಕೂಗೂ ತಮಿಳೇ: "ಕೀರೇಏಏ!"

ಸೆಲ್ವರಾಜ್ ಬಾಗಿಲು ತೆರೆದರು. ಗಣಿಯಲ್ಲಿ ದುಡಿದು, ಚರ್ಚಿನ ಮೇಳದಲ್ಲಿ ನಲವತ್ತು ವರ್ಷ ಹಾಡಿದವರು. ದಂಟಿನ ಸೊಪ್ಪಿನ ಕಟ್ಟು ಕೊಡುತ್ತಾ ಅವಳು ತನ್ನ ಗೋಳು ಹೇಳಿಕೊಂಡಳು.

"ಗಂಟಲು ಓಯ್ತಾ? ಯಾರಮ್ಮಾ ಹಂಗಂದಿದ್ದು?" ಅವರು ನಕ್ಕರು. "ನೀವು ಆ ಮೂಲೇಲಿ ಕೀರೇ ಅಂದ್ರೆ, ಮಿಕ್ಸಿ ಓಡ್ತಿದ್ರೂ ನಮ್ಮ ಅಡುಗೆ ಮನೇಲಿ ಕೇಳುತ್ತೆ. ಎಲ್ಲಿ, ನಿಮ್ಮ ಬಾರಯ್ಯಾ ಪಾಡುಂಗ, ನೋಡಾಣ."

ಬುಟ್ಟಿ ಇಳಿಸಿ ಹಾಡಿದಳು. ಗದ್ದ ಮೇಲೆ ಹೋಯಿತು, ದನಿ ಒಡೆಯಿತು.

"ಇವಾಗ ಬುಟ್ಟಿ ಹೊತ್ಕೊಂಡು."

ಬುಟ್ಟಿ ಹೊತ್ತವಳು ಗದ್ದ ಎತ್ತುವುದು ಹೇಗೆ? ಎತ್ತಿದರೆ ಸೊಪ್ಪೆಲ್ಲ ಬೀದಿಪಾಲು. ಕತ್ತು ನೆಟ್ಟಗೆ ನಿಂತಿತು, ಹೆಗಲು ಇಳಿಯಿತು, ಉಸಿರು ಹೊಟ್ಟೆಗೆ ಹೋಗಿ ಕೂತಿತು. "ಗಂಟಲಲ್ಲಿ ತಳ್ಳಬೇಡಿ. ಕೊನೇ ಮನೆಯವರನ್ನ ಕರೀರಿ, ಅಷ್ಟೇ" ಎಂದರು ಸೆಲ್ವರಾಜ್. ಕರೆದಳು. "ಬಾರಯ್ಯಾ" ಸಲೀಸಾಗಿ ಮೇಲೇರಿತು. ಕೊನೆ ಮನೆಯ ಶ್ಯಾಮಲಾ ನಿಜಕ್ಕೂ ಚೀಲ ಹಿಡಿದು ಹೊರಗೆ ಬಂದಳು. ಗಂಗರತ್ನಮ್ಮ ನಕ್ಕ ರಭಸಕ್ಕೆ ಎರಡು ಕಟ್ಟು ಸೊಪ್ಪು ಉದುರಿದವು.

ಭಾನುವಾರ ವ್ಯಾಪಾರ ಅರ್ಧಕ್ಕೇ ಬಿಟ್ಟು, ಉಳಿದ ಸೊಪ್ಪಿನ ಸಮೇತ ಮಾರಿಕುಪ್ಪಂನಿಂದ ಬರುವ ರೈಲು ಹತ್ತಿ ಬಂಗಾರಪೇಟೆಯಲ್ಲಿ ಇಳಿದಳು. ಸಭಾಭವನದ ತುಂಬ ಜನ. ಬುಟ್ಟಿ ನೋಡಿ ಜಯರಾಮಪ್ಪನಿಗೆ ಜೀವವೇ ಹೋದಂತಾಯಿತು. "ಮರ್ಯಾದೆ ತೆಗೀಬೇಡ ಕಣಕ್ಕ, ಅದನ್ನ ಓರೆಗಿಡು!" ಪಾಪ, ವೇದಿಕೆಯ ಮೂಲೆಗಿಟ್ಟಳು.

ಪಲ್ಲವಿ ಮುಗಿಯಿತು, ಚರಣ ಮುಗಿಯಿತು. ತಾರಕ ಹತ್ತಿರ ಬಂತು. ಗದ್ದ ತಾನಾಗಿಯೇ ಏಳುತ್ತಿರುವುದು ಅವಳಿಗೆ ಗೊತ್ತಾಯಿತು. ಕಷ್ಟಪಟ್ಟು ಒಂದು ಸಲ ಇಳಿಸಿದಳು; ಮತ್ತೆ ಎದ್ದಿತು ಹಾಳು ಗದ್ದ. ಸರಸರನೆ ಮೂಲೆಗೆ ಹೋಗಿ ಬುಟ್ಟಿ ಎತ್ತಿ ತಲೆಗೇರಿಸಿಕೊಂಡೇ ಬಂದಳು. ಸಭೆ ಗೊಳ್ಳೆಂದಿತು. ಜಯರಾಮಪ್ಪ ಅದೇ ಸ್ವರವನ್ನು ಹಿಡಿದುಕೊಂಡು ಬೆವರುತ್ತಾ ತಿದಿ ಒತ್ತುತ್ತಿದ್ದ.

ಬಾಗಿಲ ಬಳಿ ನಿಂತಿದ್ದ ಕೊನೆಯವನನ್ನು ನೋಡಿಕೊಂಡು ಅವಳು ಕರೆದಳು. "ಬಾರಯ್ಯಾಆಆ!"

ನಗು ಗಕ್ಕನೆ ನಿಂತಿತು. ದನಿ ಎಲ್ಲೂ ತಡವರಿಸದೆ ಏರಿ, ಅಲ್ಲೇ ನಿಂತು, ಬೇಕೆನಿಸಿದಾಗ ಇಳಿಯಿತು. ಇನ್ನೊಂದು ಸಲ ಏರಿತು. ಮೂರನೆಯದು ಬೇಕೆಂದು ಯಾರೂ ಕೇಳಿರಲಿಲ್ಲ, ಖುಷಿಗೆ ಹಾಡಿದಳು. ಬಾಗಿಲಲ್ಲಿದ್ದವನು ಮಾತ್ರ ತನ್ನನ್ನೇ ಕರೆದರೆಂದು ಬಗೆದು ನಡುದಾರಿಯವರೆಗೆ ಬಂದು ನಾಚಿಕೊಂಡು ಕುಳಿತ.

ಬಹುಮಾನ ಬೇತಮಂಗಲದ ಮೇಳಕ್ಕೆ ಹೋಯಿತು. ಬುಟ್ಟಿ ಭಜನೆಯ ವೇಷಕ್ಕೆ ಸೇರುವುದಿಲ್ಲವಂತೆ! ಜಯರಾಮಪ್ಪ ತೀರ್ಪುಗಾರರ ಜತೆ ಜಗಳ ಆಡಿ ಬಂದು, "ತಾರಕ ನಿಂದೇ ಕಣಕ್ಕ, ನೀನಿರೋಗಂಟ" ಎಂದ. ಗಂಗರತ್ನಮ್ಮನಿಗೆ ಕುಣಿಯಬೇಕೆನ್ನಿಸಿತು.

ಟೆಂಪೊ ಕಾಯುವಾಗ ಲಿಖಿತ ಮೆಲ್ಲಗೆ ಪಕ್ಕಕ್ಕೆ ಬಂದಳು. "ದೊಡ್ಡಮ್ಮಾ, ನಂಗೂ ಮೇಲೆ ಓಗ್ತಾ ಗಂಟಲು ನೋಯ್ತೈತೆ. ಯಾರ್ಗೂ ಏಳಿಲ್ಲ."

ಗಂಗರತ್ನಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿದಳು. ಆಮೇಲೆ ತನ್ನ ಸಿಂಬೆ ತೆಗೆದು ಹುಡುಗಿಯ ನುಣ್ಣಗೆ ಬಾಚಿದ ತಲೆಯ ಮೇಲಿಟ್ಟು, ಅದರ ಮೇಲೆ ಬುಟ್ಟಿ ಕೂರಿಸಿದಳು.

"ಉದುರಿಸಿದ್ರೆ ಪೂರ್ತಿ ಬುಟ್ಟಿ ನೀನೇ ಕೊಳ್ಬೇಕು ನೋಡು. ಊಂ, ಆ ಕೊನೇಲಿರೋರ್ನ ಕರಿ ಮಗ."