ಮೊದಲ ಗುಂಡು ಒಂಬತ್ತಕ್ಕೆ

ಗುರಿಯ ಕಾರ್ಡಿನಲ್ಲಿ ಹತ್ತು ತೂತುಗಳಿದ್ದವು. ಹತ್ತೂ ಎಡಗಡೆಗೆ, ಹತ್ತೂ ಕೆಳಗೆ. ನಡುವಿನ ಹತ್ತರ ಮನೆ ಮಡಿಕೆ ಮುರಿಯದ ಹೊಸ ಸೀರೆಯ ಹಾಗೆ ಹಾಯಾಗಿ ಕೂತಿತ್ತು.

"ನೀನು ಟ್ರಿಗರ್ ಒತ್ತುತ್ತಾ ಇಲ್ಲ, ಜಗ್ಗುತ್ತಾ ಇದ್ದೀ," ಎಂದರು ಶೋಧನ್ ಸರ್. ಮೂಡುಬಿದಿರೆಯ ಆ ಕಾಲೇಜಿನಲ್ಲಿ ಏರ್ ಪಿಸ್ತೂಲು ಕಲಿಸುವವರು ಅವರೊಬ್ಬರೇ. "ಬಲಗೈಯವರ ಗುಂಡು ಎಡಕ್ಕೆ, ಕೆಳಗೆ ಹೋದ್ರೆ ಎಂತ ಅರ್ಥ? ಗೋಡೆಯಲ್ಲಿ ಚಾರ್ಟು ಹಾಕಿದ್ದೇನಲ್ಲ, ಓದು."

ಸಾತ್ವಿಕಾ ಓದಿದಳು. ಚಾರ್ಟು ಸರ್ ಹೇಳಿದ್ದನ್ನೇ ಹೇಳುತ್ತಿತ್ತು.

ಪಿಸ್ತೂಲು ಹೊಸದು. ಬಹ್ರೈನಿನಲ್ಲಿ ಹೋಟೆಲು ನಡೆಸುವ ಸೋದರಮಾವ ಅವಳ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನ ಅಂಗಡಿಯಿಂದ ಕಳಿಸಿಕೊಟ್ಟದ್ದು. ಬಂದ ಮೊದಲ ಎರಡು ದಿನ ಅದು ಹೇಳಿದಲ್ಲಿಗೆ ಹೋಗುತ್ತಿತ್ತು. ಒಂಬತ್ತು, ಹತ್ತು, ಹತ್ತು, ಒಂಬತ್ತು. ಆ ಎರಡು ದಿನ ಸಾತ್ವಿಕಾ ನೆಲದಿಂದ ಎರಡು ಇಂಚು ಮೇಲೆ ನಡೆದಿದ್ದಳು. ಆಮೇಲೆ ನವರಾತ್ರಿ ರಜೆ ಬಂತು, ಆಯುಧ ಪೂಜೆಗೆಂದು ಪಿಸ್ತೂಲು ಸಿದ್ಧಕಟ್ಟೆಯ ಮನೆಗೆ ಹೋಯಿತು. ರಜೆ ಮುಗಿಸಿ ಬಂದದ್ದೇ ಎಡಕ್ಕೆ, ಕೆಳಕ್ಕೆ.

ಮನೆಗೆ ತಂದುಕೊಟ್ಟದ್ದು ವಿಜೇತಾ. ಅವಳದ್ದೂ ಅದೇ ಕ್ಲಾಸು, ಅದೇ ಶೂಟಿಂಗ್, ಸಾತ್ವಿಕಾಳ ಮನೆಯಿಂದ ಎರಡು ಸ್ಟಾಪು ಆಚೆ ಮನೆ. ಒಂದು ಚಿಪ್ಸ್ ಪ್ಯಾಕೆಟ್ಟು ಒಡೆದರೂ ಇಬ್ಬರೂ ಕೈ ಹಾಕುವಷ್ಟು ಸ್ನೇಹ. ರಜೆಗೆ ಹೊರಟ ದಿನ ಬಸ್ಸಿನಲ್ಲಿ ಕಂಡಕ್ಟರ್ "ಪೆಟ್ಟಿಗೆಯಲ್ಲಿ ಎಂತ ಉಂಟು?" ಎಂದು ಕೇಳಿದಾಗ ಸಾತ್ವಿಕಾ ಹಲ್ಲು ಕಿರಿದು "ಪಿಸ್ತೂಲು" ಎಂದುಬಿಟ್ಟಿದ್ದಳು. ಮುಂದಿನ ಸೀಟಿನ ಹೆಂಗಸೊಬ್ಬರು ಮಗುವನ್ನು ಎತ್ತಿಕೊಂಡು ಎದ್ದು ನಿಂತರು. "ನಿಂಗೆ ಬುದ್ಧಿ ಉಂಟಾ ಮಾರಾಯ್ತಿ," ಎಂದು ಬೈದು ಪೆಟ್ಟಿಗೆಯನ್ನು ಬಸ್ಸಿನಿಂದ ಇಳಿಸಿ ತನ್ನ ಸ್ಕೂಟಿಯಲ್ಲಿ ಇಟ್ಟುಕೊಂಡು ಹೋದವಳು, ಬಸ್ ಸ್ಟ್ಯಾಂಡಿಗೆ ಬಿಡಲು ಬಂದಿದ್ದ ವಿಜೇತಾ. ಒಂದು ರಾತ್ರಿ ಅವಳ ಮನೆಯಲ್ಲಿದ್ದು ಮರುದಿನ ಬೆಳಿಗ್ಗೆ ಅದು ಸಾತ್ವಿಕಾಳ ಮನೆ ಸೇರಿತ್ತು.

ಈಗ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಕಾಲೇಜಿನಿಂದ ಒಬ್ಬಳೇ ಹುಡುಗಿ. ಶನಿವಾರ ಆಯ್ಕೆ. ಸಾತ್ವಿಕಾ, ಇಲ್ಲ ವಿಜೇತಾ. ಮೂರನೆಯವರು ಆ ಲೆಕ್ಕಕ್ಕೇ ಇರಲಿಲ್ಲ.

ಮೂರು ವಾರ ಸಾತ್ವಿಕಾ ಮಾಡದ ಕೆಲಸವಿಲ್ಲ. ಗುಂಡಿನ ಡಬ್ಬಿ ಬದಲಿಸಿದಳು. ಗಾಳಿಯ ಸಿಲಿಂಡರ್ ತುಂಬಿಸಿ ತುಂಬಿಸಿ ನೋಡಿದಳು. ನಳಿಕೆಯೊಳಗೆ ಬಟ್ಟೆ ಎಳೆದಳು. ಬಟ್ಟೆ ಎಳೆಯಲು ಕಾರಣವಿತ್ತು. "ನಿನ್ನ ಅಜ್ಜಿ ಪೂಜೆಯಲ್ಲಿ ಎಣ್ಣೆ ಗಿಣ್ಣೆ ಹಾಕಿದ್ರಾ?" ಎಂದು ಕೇಳಿದ್ದು ವಿಜೇತಾ. ಅಜ್ಜಿ ಸೇಸಮ್ಮ ಹಾಕಿದ್ದು ಹೌದು. ಕತ್ತಿ, ಹಾರೆ, ಅಪ್ಪನ ಪಿಕಪ್ಪು, ಎಲ್ಲದಕ್ಕೂ ಕುಂಕುಮ ಇಟ್ಟ ಹಾಗೆ ಪಿಸ್ತೂಲಿಗೂ ಇಟ್ಟು, ಕತ್ತಿಗೆ ಹಚ್ಚುವ ಹಾಗೆ ಎರಡು ಬೊಟ್ಟು ತೆಂಗಿನೆಣ್ಣೆ ಸವರಿದ್ದರು. ಸಾತ್ವಿಕಾ ಫೋನಿನಲ್ಲೇ ಕೂಗಾಡಿದಳು. "ಅದು ಕತ್ತಿಯಾ ಅಜ್ಜಿ? ಮುಟ್ಟಬಾರದು ಅಂತ ಹೇಳಿದ್ದೆ ಅಲ್ವಾ?"

"ನನಗೆ ಗೊತ್ತಾಗ್ಲಿಲ್ಲ ಮಗಾ," ಎಂದರು ಅಜ್ಜಿ. ಆಮೇಲೆ ಅಮ್ಮ ಹೇಳಿದರು, ಅಜ್ಜಿ ಸ್ನಾನ ಮಾಡಿ ಬಂದು ದೈವದ ಹೆಸರಿನಲ್ಲಿ ತಪ್ಪುಕಾಣಿಕೆ ಎತ್ತಿಟ್ಟಿದ್ದಾರೆ, ಮಧ್ಯಾಹ್ನ ಊಟ ಮಾಡಿಲ್ಲ.

ಎಣ್ಣೆ ಹೋಯಿತು, ಗುಂಡು ಮಾತ್ರ ಎಡಕ್ಕೇ ಹೋಯಿತು.

"ಸರ್, ಹಿಂದಿನ ಸ್ಕ್ರೂ ತಿರುಗಿಸಿ ಗುರಿ ಸರಿ ಮಾಡುವ?"

"ಕೈ ಸರಿ ಇಲ್ಲದವರು ಸ್ಕ್ರೂ ಮುಟ್ಟಬಾರದು."

ಕೈ ಸರಿ ಮಾಡಿದಳು. ನೀರು ತುಂಬಿದ ಬಾಟಲಿ ಹಿಡಿದು ಕೈ ಚಾಚಿ ನಿಂತಳು. ಮಣಿಕಟ್ಟು ಬಿಗಿ ಹಿಡಿದು, ಟ್ರಿಗರ್ ಒತ್ತುವ ಗಳಿಗೆಯಲ್ಲಿ ಒಂದು ಕೂದಲೆಳೆಯಷ್ಟು ಬಲಕ್ಕೆ, ಮೇಲಕ್ಕೆ ನೂಕಲು ಕಲಿತಳು. ಸಂಜೆ ಹಾಸ್ಟೆಲಿನ ಟೆರೇಸಿನಲ್ಲಿ ವಿಜೇತಾ ಅವಳ ಎದುರು ಕೂತು, "ಉಸಿರು ತೆಗೋ... ಬಿಡು... ನಿನಗೆ ಹೆದರಿಕೆ ಸಾತ್ವಿ, ಬೇರೆ ಎಂತದ್ದೂ ಇಲ್ಲ," ಎನ್ನುತ್ತಿದ್ದಳು. ಅಂಥ ಗೆಳತಿ ಯಾರಿಗೆ ಸಿಗುತ್ತಾಳೆ ಎಂದುಕೊಂಡು ಸಾತ್ವಿಕಾಳ ಕಣ್ಣು ಎರಡು ಸಲ ಒದ್ದೆಯಾಗಿತ್ತು.

ಗುರುವಾರ ಅವಳೇ ಸರ್ ಬಳಿ ಹೋಗಿ ನಿಂತಳು. "ಸರ್, ಒಮ್ಮೆ ಬೇರೆ ಯಾರಾದ್ರೂ ನನ್ನ ಪಿಸ್ತೂಲಲ್ಲಿ ಹೊಡೀಲಿ. ಅವರದ್ದೂ ಎಡಕ್ಕೆ ಹೋದ್ರೆ ಪಿಸ್ತೂಲಿನ ದೋಷ. ಇಲ್ಲದಿದ್ರೆ ನನ್ನದು."

"ಅದು ಮಾತು. ವಿಜೇತಾ, ಬಾ."

"ನಾನಾ? ನಂಗೆ ಕ್ಲಬ್ಬಿನ ಹಳೇ ಪಿಸ್ತೂಲೇ ಅಭ್ಯಾಸ ಸರ್."

"ಐದೇ ಗುಂಡು. ಮದುವೆ ಆಗ್ಲಿಕ್ಕೆ ಹೇಳಿದ್ದಲ್ಲ ನಾನು."

ವಿಜೇತಾ ಹೊಡೆದಳು, ಸರ್ ದುರ್ಬೀನಿನಲ್ಲಿ ನೋಡಿ ಒಂದೊಂದೇ ಅಂಕ ಕೂಗಿದರು. ಕಾರ್ಡು ಹಗ್ಗದಲ್ಲಿ ಸರಿದು ಬಂತು. ಒಂಬತ್ತು, ಒಂಬತ್ತು, ಎಂಟು, ಹತ್ತು, ಒಂಬತ್ತು.

ಸರ್ ಕಾರ್ಡನ್ನು ಸಾತ್ವಿಕಾಳ ಕೈಗೆ ಕೊಟ್ಟರು. ವಿಜೇತಾ ಬಂದು ಹೆಗಲು ತಬ್ಬಿ, "ಪರ್ವಾಗಿಲ್ಲ ಮಾರಾಯ್ತಿ, ಎಲ್ರಿಗೂ ಒಂದು ಕೆಟ್ಟ ಟೈಮ್ ಇರ್ತದೆ," ಎಂದಳು.

ದೋಷ ಕೈಯದ್ದು ಎಂದು ತೀರ್ಮಾನವಾದ ಮೇಲೂ ಸಾತ್ವಿಕಾ ಶುಕ್ರವಾರ ಪೇಟೆಯ ಉಮ್ಮರ್ ಕಾಕನ ಅಂಗಡಿಗೆ ಹೋದದ್ದು ಹಠಕ್ಕೆ. ಅವರು ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಅಮ್ಮನ ಯಂತ್ರ ಕೆಟ್ಟರೆ ಅಲ್ಲಿಗೇ ಹೋಗುವುದು.

"ಎಂತ ಮೋಳೆ, ನನ್ನನ್ನು ಕೊಲ್ಲಲಿಕ್ಕೆ ಬಂದದ್ದಾ?" ಎಂದು ನಕ್ಕರು ಕಾಕ, ಪೆಟ್ಟಿಗೆ ತೆರೆದದ್ದು ನೋಡಿ. ಹುಡುಗಿಯರೆಲ್ಲ ಅವರಿಗೆ ಮೋಳೆ, ಅಂದರೆ ಮಗಳು. ಕತೆ ಪೂರ್ತಿ ಕೇಳಿದರು. ಪಿಸ್ತೂಲನ್ನು ರಬ್ಬರು ಸುತ್ತಿ ಇಕ್ಕಳಕ್ಕೆ ಸಿಕ್ಕಿಸಿದರು. ನಳಿಕೆಯ ಉದ್ದಕ್ಕೆ ಉಕ್ಕಿನ ಪಟ್ಟಿಯೊಂದನ್ನು ತಾಗಿಸಿ, ಹಿಂದೆ ಟಾರ್ಚು ಹಿಡಿದರು.

"ಇಲ್ಲಿ ಕಣ್ಣಿಡು. ಬೆಳಕು ಕಾಣ್ತದಾ?"

ಹಿಂದಿನಿಂದ ಮುಕ್ಕಾಲು ಭಾಗ ಕತ್ತಲೆ. ತುದಿಯಲ್ಲಿ ಮಾತ್ರ ನೂಲಿನಷ್ಟು ಬೆಳಕು.

"ನೆಟ್ಟಗಿದ್ರೆ ಬೆಳಕೇ ಕಾಣಬಾರದು. ಬಗ್ಗಿದೆ. ಎಡಕ್ಕೆ, ಸ್ವಲ್ಪ ಕೆಳಗೆ. ತುದಿಯ ಬಿರಡೆ ತೆಗೆದ್ರೆ ಒಳಗೆ ಪೆಟ್ಟಿನ ಗುರುತೂ ಉಂಟು ನೋಡು. ಇದು ಬಿದ್ದಿದೆ ಮೋಳೆ. ಕಲ್ಲಿಗೇ ಬಿದ್ದದ್ದು."

"ನಾನು ಬೀಳಿಸ್ಲಿಲ್ಲ ಕಾಕ!"

"ನೀನು ಅಂತ ನಾನು ಹೇಳಿದ್ನಾ? ಸೂಜಿ ಬಗ್ಗಿದ್ರೆ ಹೊಲಿಗೆ ಓರೆ ಹೋಗ್ತದೆ. ಎಲ್ಲ ಹೆಂಗಸರೂ ಬಂದು ತಮ್ಮ ಕೈಯನ್ನೇ ಬೈಕೊಳ್ತಾರೆ."

ಸಾತ್ವಿಕಾ ಓಡಿದಳು. ಕಾಲೇಜಿನ ಖಾಲಿ ಶೂಟಿಂಗ್ ರೇಂಜಿನಲ್ಲಿ ಕೈಯನ್ನು ಮರಳ ಚೀಲದ ಮೇಲೆ ಊರಿ, ಏನನ್ನೂ ನೂಕದೆ, ಏನನ್ನೂ ಬಿಗಿಯದೆ ಐದು ಗುಂಡು ಹೊಡೆದಳು. ಐದೂ ಒಂದೇ ತೂತು. ಎಡಕ್ಕೆ, ಕೆಳಗೆ, ಆರರ ಗೆರೆಯ ಮೇಲೆ. ಸಂತೋಷಕ್ಕೆ ಅಲ್ಲಿಯೇ ಒಂದು ಸುತ್ತು ಕುಣಿದಳು. ಕೈಯಲ್ಲ! ಮೂರು ವಾರ ಕೈಯಲ್ಲ!

ಈ ಸುದ್ದಿಯನ್ನು ಮೊದಲು ವಿಜೇತಾಳಿಗೆ ಹೇಳಬೇಕೆಂದು ಫೋನು ತೆಗೆದಳು. ಬೆರಳು ಹೆಸರಿನ ಮೇಲೆ ನಿಂತಿತು.

ಪಿಸ್ತೂಲು ಆರಕ್ಕೆ ಹೊಡೆಯುತ್ತದೆ. ಮೊದಲ ಸಲ ಹಿಡಿದವರು ಯಾರೇ ಆಗಲಿ, ಎಷ್ಟೇ ನಿಪುಣರಾಗಲಿ, ನಡುವಿಗೆ ಗುರಿಯಿಟ್ಟರೆ ಮೊದಲ ಗುಂಡು ಆರಕ್ಕೆ ಬೀಳಬೇಕು. ಅದನ್ನು ಕಂಡ ಮೇಲೆ ಎರಡನೆಯದನ್ನು ಬಲಕ್ಕೆ ಸರಿಸಬಹುದು. ಅವಳು ಚೀಲದಿಂದ ಗುರುವಾರದ ಕಾರ್ಡು ತೆಗೆದಳು. ಐದು ತೂತುಗಳು. ಆರರ ಹತ್ತಿರ ಒಂದೂ ಇಲ್ಲ.

ವಿಜೇತಾಳ ಮೊದಲ ಗುಂಡು ಒಂಬತ್ತಕ್ಕೆ ಬಿದ್ದಿತ್ತು. ಎಲ್ಲಿಗೆ ಗುರಿಯಿಡಬೇಕೆಂದು ಅವಳಿಗೆ ಮೊದಲೇ ಗೊತ್ತಿತ್ತು.

ಕ್ಯಾಂಟೀನಿನ ಹಿಂದೆ ಸಿಕ್ಕಿದಾಗ ವಿಜೇತಾ ಹೆಚ್ಚು ಹೊತ್ತು ಸುಳ್ಳು ಹೇಳಲಿಲ್ಲ. ಕಾರ್ಡು ನೋಡಿದಳು, ಅತ್ತಳು.

"ಅಣ್ಣನಿಗೆ ತೋರಿಸುವ ಅಂತ ಅಂಗಳದಲ್ಲಿ ತೆಗ್ದೆ. ಅವನ ಕೈಯಿಂದ ಜಾರಿ ಒಗೆಯುವ ಕಲ್ಲಿಗೆ ಬಿತ್ತು. ಸರಿ ಉಂಟಾ ಅಂತ ನೋಡ್ಲಿಕ್ಕೆ ಹತ್ತು ಹದಿನೈದು ಹೊಡೆದೆ. ಹೇಳ್ಬೇಕು ಅಂತಲೇ ಇತ್ತು ಸಾತ್ವಿ, ದೇವರಾಣೆ. ಮರುದಿನ ಹೇಳುವ, ಮರುದಿನ ಹೇಳುವ ಅಂತ..."

"ಅಜ್ಜಿಯ ಎಣ್ಣೆ ಅಂದದ್ದು?"

"ಬಾಯಿಗೆ ಬಂತು."

"ನನ್ನ ಎದುರು ಕೂತು ಉಸಿರು ತೆಗೋ ಬಿಡು ಅಂದದ್ದು? ಅದೂ ಬಾಯಿಗೆ ಬಂದದ್ದಾ?"

ವಿಜೇತಾ ಅವಳ ಎರಡೂ ಕೈ ಹಿಡಿದುಕೊಂಡಳು. "ನಾಳೆ ಬೆಳಿಗ್ಗೆ ಸರ್‌ಗೆ ನಾನೇ ಹೇಳ್ತೇನೆ. ಆಯ್ಕೆ ಒಂದು ವಾರ ಮುಂದೆ ಹಾಕಿ ಅಂತ ನಾನೇ ಕೇಳ್ತೇನೆ. ನೀನು ಹೇಳ್ಬೇಡ, ಪ್ಲೀಸ್. ನನ್ನ ಮರ್ಯಾದೆ ನಾನೇ ಉಳಿಸಿಕೊಳ್ತೇನೆ."

ಸಾತ್ವಿಕಾ ಒಪ್ಪಿದಳು. ನಂಬಲಿಕ್ಕೆ ಇನ್ನೂ ಸ್ವಲ್ಪ ಉಳಿದಿತ್ತು.

ಶನಿವಾರ ಒಂಬತ್ತು ಗಂಟೆಗೆ ವಿಜೇತಾ ಬಂದಳು. ಸರ್‌ಗೆ ನಮಸ್ತೆ ಹೇಳಿದಳು. ಕಿವಿಯ ಮೇಲೆ ಮುಚ್ಚಳ ಹಾಕಿ, ಹಳೆಯ ಪಿಸ್ತೂಲು ಹಿಡಿದು, ತನ್ನ ಜಾಗದಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟಳು. ಸಾತ್ವಿಕಾ ಕಾದಳು. "ಲೋಡ್" ಎಂದು ಸರ್ ಕೂಗುವವರೆಗೂ ಕಾದಳು.

ಸ್ಕ್ರೂಗಳನ್ನು ಅವಳು ಬೆಳಿಗ್ಗೆಯೇ ಯಾರ ಅಪ್ಪಣೆಯೂ ಇಲ್ಲದೆ ತಿರುಗಿಸಿದ್ದಳು. ಮರಳ ಚೀಲದ ಮೇಲೆ ಈಗ ಪಿಸ್ತೂಲು ನಡುವಿಗೇ ಹೊಡೆಯುತ್ತಿತ್ತು. ಕೈ ಎತ್ತಿ ನಿಂತು ಮೊದಲ ಗುಂಡು ಬಿಟ್ಟಳು. ಏಳು. ಬಲಕ್ಕೆ, ಮೇಲೆ. ಎರಡನೆಯದು, ಬಲಕ್ಕೆ, ಮೇಲೆ. ಮೂರು ವಾರ ಕಲಿಸಿದ್ದನ್ನು ಕೈ ನಿಷ್ಠೆಯಿಂದ ಮಾಡುತ್ತಿತ್ತು. ಲೋಹವನ್ನು ಸರಿಪಡಿಸಲು ಹನ್ನೊಂದು ಸಲ ಸ್ಕ್ರೂ ತಿರುಗಿಸಿದರೆ ಸಾಕಾಗಿತ್ತು. ಕೈಗೆ ಸ್ಕ್ರೂ ಇರಲಿಲ್ಲ.

ಇಪ್ಪತ್ತು ಗುಂಡಿಗೆ ವಿಜೇತಾ ನೂರ ಎಪ್ಪತ್ತೆಂಟು, ಸಾತ್ವಿಕಾ ನೂರ ಅರುವತ್ತೊಂದು.

"ಕ್ಲಬ್ಬಿನದ್ದು ಗಾಳಿ ಬಿಡ್ತಾ ಉಂಟು," ಎಂದರು ಸರ್, ಅಂಕ ಬರೆಯುತ್ತಾ. "ಸಾತ್ವಿಕಾ, ಕೂಟಕ್ಕೆ ನಿನ್ನದನ್ನು ವಿಜೇತಾಳಿಗೆ ಕೊಡು. ಕಾಲೇಜಿನ ಹೆಸರಿನ ವಿಷಯ."

"ಅದು ಹೇಗೆ ಬಿದ್ದದ್ದು ಅಂತ ಮೊದಲು ಅವಳು ನಿಮಗೆ ಹೇಳಲಿ ಸರ್."

ಸರ್ ವಿಜೇತಾಳ ಕಡೆ ತಿರುಗಿದರು. ವಿಜೇತಾ ಸಾತ್ವಿಕಾಳನ್ನು ನೋಡಿದಳು, ಬಸ್ಸಿನಲ್ಲಿ ಗುರುತಿಲ್ಲದವರನ್ನು ನೋಡುವ ಹಾಗೆ.

"ಎಂತ ಬಿದ್ದದ್ದು? ನಂಗೆ ಗೊತ್ತಿಲ್ಲ ಸರ್."

"ಸೋತ ದಿನ ಹೀಗೆಲ್ಲ ಮಾತಾಡ್ಬಾರದು ಸಾತ್ವಿಕಾ," ಎಂದರು ಸರ್ ಮೆಲ್ಲಗೆ. ಆ ಮೆಲು ದನಿಯೇ ಹೆಚ್ಚು ಚುಚ್ಚಿತು.

ಸಾತ್ವಿಕಾ ಗುರುವಾರದ ಕಾರ್ಡನ್ನು ಅವರ ಪುಸ್ತಕದ ಮೇಲೆ ಇಟ್ಟಳು. "ಈ ಪಿಸ್ತೂಲು ಆ ದಿನ ಆರಕ್ಕೆ ಹೊಡೀತಿತ್ತು. ಉಮ್ಮರ್ ಕಾಕನ ಹತ್ತಿರ ಕೇಳಿ, ಬಗ್ಗಿದ್ದು ತೋರಿಸ್ತಾರೆ. ಇವಳ ಗುಂಡು ಒಂದೂ ಆರಕ್ಕೆ ಬೀಳ್ಲಿಲ್ಲ, ಮೊದಲನೆಯದೂ ಬೀಳ್ಲಿಲ್ಲ. ಹೇಗೆ ಅಂತ ಕೇಳಿ."

ಸರ್ ಕಾರ್ಡನ್ನು ಎತ್ತಿದರು. ಕನ್ನಡಕ ಸರಿಮಾಡಿಕೊಂಡು ನೋಡಿದರು.

"ವಿಜೇತಾ?"

"ಅದು... ಲಕ್ಕು ಸರ್."

ಸರ್ ಬರೆದ ಅಂಕಗಳನ್ನು ಹೊಡೆದುಹಾಕಲೂ ಇಲ್ಲ, ಪುಸ್ತಕ ಮುಚ್ಚಲೂ ಇಲ್ಲ. ಪೆನ್ನು ಹಿಡಿದ ಕೈ ಅಲ್ಲೇ ನಿಂತಿತ್ತು.

ವಿಜೇತಾ ಸಾತ್ವಿಕಾಳ ಹತ್ತಿರ ಬಂದು, ಅವಳಿಗೆ ಮಾತ್ರ ಕೇಳುವ ಹಾಗೆ, "ಸಾತ್ವಿ, ಒಂದು ಕೂಟಕ್ಕೆ ಮಾತ್ರ ಅಲ್ವಾ," ಎಂದಳು.

ಸಾತ್ವಿಕಾ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕಲಿಲ್ಲ, ವಿಜೇತಾಳ ಕೈಗೂ ಕೊಡಲಿಲ್ಲ.

"ಸರ್, ನನಗೆ ಇನ್ನೊಂದು ಕಾರ್ಡು ಕೊಡಿ. ನೂಕುವುದನ್ನು ಈ ಕೈಗೆ ಮರೆಸ್ಬೇಕು," ಎಂದಳು.